ಪೂರ್ವ-ದಂತವೈದ್ಯಕೀಯ ಶಿಕ್ಷಣ (ಅಮೆರಿಕ ಸಂಯುಕ್ತ ಸಂಸ್ಥಾನ)

ಪೂರ್ವ-ದಂತವೈದ್ಯಕೀಯ ಶಿಕ್ಷಣ ಅಥವಾ ಪ್ರೀ-ಡೆಂಟಲ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದಂತವೈದ್ಯಕೀಯ ಕಾಲೇಜನ್ನು ಸೇರಬಯಸುವ ವಿದ್ಯಾರ್ಥಿಗಳು ತಮ್ಮ ಸ್ನಾತಕ ಪದವಿಯ ವರ್ಷಗಳಲ್ಲಿ ಕೈಗೊಳ್ಳುವ ಸಿದ್ಧತೆಯ ಹೆಸರು. ಆ ದೇಶದಲ್ಲಿ ದಂತವೈದ್ಯಕೀಯವನ್ನು ಸಾಮಾನ್ಯವಾಗಿ ನಾಲ್ಕು ವರ್ಷಗಳ ಸ್ನಾತಕ ಪದವಿಯ ನಂತರವೇ ಕಲಿಯಲಾಗುತ್ತದೆ. ಆದುದರಿಂದ ನಿಗದಿತ ವಿಜ್ಞಾನ ವಿಷಯಗಳ ಅಧ್ಯಯನ, ದಂತವೈದ್ಯಕೀಯ ಪ್ರವೇಶ ಪರೀಕ್ಷೆ (ಡಿಎಟಿ), ದಂತ ಚಿಕಿತ್ಸಾಲಯಗಳಲ್ಲಿ ವೀಕ್ಷಣೆ, ಸಮುದಾಯ ಸೇವೆ ಮತ್ತು ಕೇಂದ್ರೀಕೃತ ಅರ್ಜಿ ಪ್ರಕ್ರಿಯೆ ಇವೆಲ್ಲವೂ ಈ ಅವಧಿಯಲ್ಲಿಯೇ ನಡೆಯುತ್ತವೆ. ದಂತವೈದ್ಯಕೀಯ ಶಿಕ್ಷಣವು ದುಬಾರಿಯಾಗಿದ್ದು, ಬಹುಪಾಲು ವಿದ್ಯಾರ್ಥಿಗಳು ದೊಡ್ಡ ಮೊತ್ತದ ಸಾಲವನ್ನು ಅವಲಂಬಿಸುತ್ತಾರೆ. ಈ ಕಾರಣದಿಂದ ಪೂರ್ವ-ದಂತವೈದ್ಯಕೀಯ ಅವಧಿಯು ಪ್ರವೇಶ ಪಡೆಯುವ ಸಿದ್ಧತೆಯಷ್ಟೇ ಆಗಿರದೆ, ಈ ವೃತ್ತಿಯು ತನಗೆ ಒಗ್ಗುವುದೇ ಎಂಬುದನ್ನು ವಿದ್ಯಾರ್ಥಿಯು ಪರೀಕ್ಷಿಸಿ ನೋಡುವ ಕಾಲವೂ ಆಗಿದೆ.

## ಸ್ವರೂಪ

ಪೂರ್ವ-ದಂತವೈದ್ಯಕೀಯವು ಪ್ರತ್ಯೇಕ ಪದವಿಯಲ್ಲ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಅದು ಪ್ರಧಾನ ವಿಷಯವೂ ಅಲ್ಲ. ವಿದ್ಯಾರ್ಥಿಯು ಯಾವುದಾದರೊಂದು ವಿಷಯದಲ್ಲಿ ಸ್ನಾತಕ ಪದವಿಗೆ ಓದುತ್ತಾ, ಅದರ ಜೊತೆಯಲ್ಲಿ ದಂತವೈದ್ಯಕೀಯ ಕಾಲೇಜುಗಳು ಕೇಳುವ ವಿಷಯಗಳನ್ನು ಪೂರ್ಣಗೊಳಿಸುತ್ತಾನೆ. ಇದಕ್ಕೆ ಮಾರ್ಗದರ್ಶನ ನೀಡಲು ಅನೇಕ ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯ ವೃತ್ತಿಗಳ ಸಲಹೆಗಾರರು ಇರುತ್ತಾರೆ.

ಕನ್ನಡದಲ್ಲಿ 'ಪದವಿಪೂರ್ವ' ಎಂಬ ಪದವು ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳ ಪಿಯುಸಿ ಶಿಕ್ಷಣವನ್ನು ಸೂಚಿಸುತ್ತದೆ. ಈ ಲೇಖನದಲ್ಲಿ ಹೇಳುವ ಸಿದ್ಧತೆಯು ಅದರ ನಂತರದ ಹಂತಕ್ಕೆ, ಅಂದರೆ ಬಿ.ಎ., ಬಿ.ಎಸ್. ಮೊದಲಾದ ಸ್ನಾತಕ ಪದವಿಗಳ ಅವಧಿಗೆ ಸೇರಿದುದು.

ಸ್ನಾತಕ ಪದವಿಯ ಬಳಿಕ ದಂತವೈದ್ಯಕೀಯ ಶಿಕ್ಷಣವು ಸಾಮಾನ್ಯವಾಗಿ ನಾಲ್ಕು ವರ್ಷಗಳದ್ದಾಗಿರುತ್ತದೆ. ಅದನ್ನು ಮುಗಿಸಿದವರಿಗೆ ಡಿಡಿಎಸ್ ಅಥವಾ ಡಿಎಂಡಿ ಪದವಿ ದೊರೆಯುತ್ತದೆ. ಇವೆರಡರ ಪಠ್ಯಕ್ರಮದ ಮಾನದಂಡಗಳೂ ವೃತ್ತಿಯ ಹಕ್ಕುಗಳೂ ಒಂದೇ; ಯಾವ ಹೆಸರಿನ ಪದವಿಯನ್ನು ನೀಡಬೇಕೆಂಬುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟ ವಿಷಯ. ದೇಶದಲ್ಲಿ 70ಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿದ್ದು, ಅವುಗಳಿಗೆ ದಂತ ಮಾನ್ಯತಾ ಆಯೋಗವು (ಸಿಒಡಿಎ) ಮಾನ್ಯತೆ ನೀಡುತ್ತದೆ.

## ಇತಿಹಾಸ

19ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಂತವೈದ್ಯರು ಹೆಚ್ಚಾಗಿ ಹಿರಿಯ ವೃತ್ತಿನಿರತರ ಬಳಿ ಶಿಷ್ಯರಾಗಿದ್ದುಕೊಂಡು ಕೆಲಸ ಕಲಿಯುತ್ತಿದ್ದರು. 1840ರಲ್ಲಿ ಹೊರೇಸ್ ಹೇಡನ್ ಮತ್ತು ಚೇಪಿನ್ ಹ್ಯಾರಿಸ್ ಅವರು ಬಾಲ್ಟಿಮೋರ್ ದಂತ ಶಸ್ತ್ರಚಿಕಿತ್ಸಾ ಕಾಲೇಜನ್ನು ಸ್ಥಾಪಿಸಿದರು. ಇದು ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು. ಡಿಡಿಎಸ್ ಪದವಿಯು ಇಲ್ಲಿಂದಲೇ ಆರಂಭವಾಯಿತು. 1867ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ತನ್ನ ದಂತವೈದ್ಯಕೀಯ ಶಾಲೆಯನ್ನು ತೆರೆದು ಡಿಎಂಡಿ ಪದವಿಯನ್ನು ಬಳಕೆಗೆ ತಂದಿತು. 1866ರಲ್ಲಿ ಓಹಾಯೋ ದಂತ ಶಸ್ತ್ರಚಿಕಿತ್ಸಾ ಕಾಲೇಜಿನಿಂದ ಪದವಿ ಪಡೆದ ಲೂಸಿ ಹಾಬ್ಸ್ ಟೇಲರ್ ದಂತವೈದ್ಯಕೀಯ ಪದವಿ ಗಳಿಸಿದ ಮೊದಲ ಮಹಿಳೆ. 1869ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದ ರಾಬರ್ಟ್ ಟ್ಯಾನರ್ ಫ್ರೀಮನ್ ಆ ದೇಶದಲ್ಲಿ ಈ ಪದವಿ ಗಳಿಸಿದ ಮೊದಲ ಆಫ್ರಿಕನ್-ಅಮೆರಿಕನ್.

ಆ ಕಾಲದಲ್ಲಿ ದಂತವೈದ್ಯಕೀಯ ಕಾಲೇಜಿಗೆ ಸೇರಲು ವಿಶ್ವವಿದ್ಯಾಲಯದ ಪೂರ್ವ ಶಿಕ್ಷಣವು ಕಡ್ಡಾಯವಾಗಿರಲಿಲ್ಲ. ಈ ಸ್ಥಿತಿಯನ್ನು ಬದಲಿಸುವಲ್ಲಿ ಜೀವರಸಾಯನ ವಿಜ್ಞಾನಿ ವಿಲಿಯಂ ಗೀಸ್ ಅವರು ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಸಿದ್ಧಪಡಿಸಿದ 1926ರ ವರದಿಯು ಮುಖ್ಯ ಪಾತ್ರ ವಹಿಸಿತು. ದಂತವೈದ್ಯಕೀಯವು ವೈದ್ಯಕೀಯಕ್ಕೆ ಸರಿಸಮನಾದ ಆರೋಗ್ಯಸೇವೆಯೆಂದೂ, ಅದರ ಶಿಕ್ಷಣವು ವಿಶ್ವವಿದ್ಯಾಲಯಗಳ ಭಾಗವಾಗಿರಬೇಕೆಂದೂ ಪ್ರತಿಪಾದಿಸಿದ ಆ ವರದಿಯು, ಪ್ರವೇಶಕ್ಕೆ ಮುನ್ನ ಎರಡು ವರ್ಷಗಳ ಕಾಲೇಜು ಅಧ್ಯಯನವಿರಬೇಕೆಂದು ಶಿಫಾರಸು ಮಾಡಿತು. ಇಂದಿನ ಪೂರ್ವ-ದಂತವೈದ್ಯಕೀಯ ವ್ಯವಸ್ಥೆಯ ಬೇರುಗಳು ಇಲ್ಲಿವೆ. 1950ರಿಂದ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ (ಎಡಿಎ) ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯನ್ನು ನಡೆಸುತ್ತಾ ಬಂದಿದೆ. ಆರಂಭದ ವರ್ಷಗಳಲ್ಲಿ ಅಭ್ಯರ್ಥಿಯು ಸೀಮೆಸುಣ್ಣದ ತುಂಡನ್ನು ನಿಗದಿತ ಆಕಾರಕ್ಕೆ ಕೆತ್ತಿ ತೋರಿಸಬೇಕಾಗಿತ್ತು. 1970ರ ದಶಕದಲ್ಲಿ ಇದರ ಬದಲಿಗೆ ಆಕಾರ ಮತ್ತು ಅವಕಾಶಗಳ ಗ್ರಹಿಕೆಯನ್ನು ಅಳೆಯುವ ಲಿಖಿತ ಪರೀಕ್ಷೆಯು ಬಂದಿತು.

## ಶೈಕ್ಷಣಿಕ ಸಿದ್ಧತೆ

### ಅಗತ್ಯ ವಿಷಯಗಳು

ಪ್ರವೇಶಕ್ಕೆ ಬೇಕಾದ ವಿಷಯಗಳನ್ನು ಪ್ರತಿಯೊಂದು ದಂತವೈದ್ಯಕೀಯ ಕಾಲೇಜೂ ತಾನೇ ನಿಗದಿಪಡಿಸುತ್ತದೆ. ಆದರೂ ಬಹುತೇಕ ಕಾಲೇಜುಗಳು ಕೇಳುವ ವಿಷಯಗಳು ಹೀಗಿವೆ:

* ಜೀವಶಾಸ್ತ್ರ – ಪ್ರಯೋಗಾಲಯ ಸಹಿತ ಎರಡು ಸೆಮಿಸ್ಟರ್
* ಸಾಮಾನ್ಯ ರಸಾಯನಶಾಸ್ತ್ರ – ಪ್ರಯೋಗಾಲಯ ಸಹಿತ ಎರಡು ಸೆಮಿಸ್ಟರ್
* ಸಾವಯವ ರಸಾಯನಶಾಸ್ತ್ರ – ಪ್ರಯೋಗಾಲಯ ಸಹಿತ ಒಂದು ಅಥವಾ ಎರಡು ಸೆಮಿಸ್ಟರ್
* ಭೌತಶಾಸ್ತ್ರ – ಸಾಮಾನ್ಯವಾಗಿ ಎರಡು ಸೆಮಿಸ್ಟರ್
* ಜೀವರಸಾಯನಶಾಸ್ತ್ರ – ಸಾಮಾನ್ಯವಾಗಿ ಒಂದು ಸೆಮಿಸ್ಟರ್
* ಇಂಗ್ಲಿಷ್ ಅಥವಾ ಬರವಣಿಗೆಗೆ ಒತ್ತು ನೀಡುವ ವಿಷಯ

ಸೂಕ್ಷ್ಮಜೀವಶಾಸ್ತ್ರ, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳನ್ನು ಕೆಲವು ಕಾಲೇಜುಗಳು ಕಡ್ಡಾಯಗೊಳಿಸಿವೆ. ಇನ್ನು ಕೆಲವು ಶಿಫಾರಸು ಮಾತ್ರ ಮಾಡುತ್ತವೆ. ಈ ವ್ಯತ್ಯಾಸವು ಅಲಕ್ಷಿಸತಕ್ಕದ್ದಲ್ಲ. ಒಂದು ವಿಷಯದ ಕೊರತೆಯಿದ್ದರೂ ಆ ಕಾಲೇಜಿನ ಪ್ರವೇಶವು ಕೈತಪ್ಪಬಹುದು. ಪ್ರೌಢಶಾಲೆಯಲ್ಲಿ ಗಳಿಸಿದ ಉನ್ನತ ದರ್ಜೆಯ ಕ್ರೆಡಿಟ್‌ಗಳು, ಸಮುದಾಯ ಕಾಲೇಜಿನಲ್ಲಿ ಓದಿದ ವಿಷಯಗಳು ಮತ್ತು ಆನ್‌ಲೈನ್ ಪ್ರಯೋಗಾಲಯಗಳನ್ನು ಒಪ್ಪುವ ಬಗೆಗೂ ಕಾಲೇಜುಗಳ ನಿಯಮಗಳು ಬೇರೆಬೇರೆಯಾಗಿವೆ. ಆದುದರಿಂದ ಸೇರಬಯಸುವ ಕಾಲೇಜುಗಳ ಪಟ್ಟಿಯನ್ನು ಎರಡನೆಯ ವರ್ಷದಲ್ಲಿಯೇ ಸಿದ್ಧಪಡಿಸಿ, ಪ್ರತಿಯೊಂದರ ನಿಯಮಗಳನ್ನು ಹೋಲಿಸಿ ನೋಡುವುದು ವಾಡಿಕೆ.

ರಸಾಯನಶಾಸ್ತ್ರದ ವಿಷಯಗಳನ್ನು ಒಂದರ ನಂತರ ಒಂದರಂತೆ ಓದಬೇಕಾಗಿರುವುದರಿಂದ ಕಾಲದ ಯೋಜನೆಯು ಇಲ್ಲಿ ನಿರ್ಣಾಯಕವಾಗುತ್ತದೆ. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವ ರಸಾಯನಶಾಸ್ತ್ರವನ್ನೂ, ಅದು ಮುಗಿಯದೆ ಜೀವರಸಾಯನಶಾಸ್ತ್ರವನ್ನೂ ಸಾಮಾನ್ಯವಾಗಿ ಓದಲಾಗದು. ಮೊದಲ ವರ್ಷದಲ್ಲಿ ಸಾಮಾನ್ಯ ರಸಾಯನಶಾಸ್ತ್ರವನ್ನು ಆರಂಭಿಸದ ವಿದ್ಯಾರ್ಥಿಗೆ ಮೂರನೆಯ ವರ್ಷದ ಕೊನೆಯಲ್ಲಿ ಪ್ರವೇಶ ಪರೀಕ್ಷೆ ಬರೆಯುವುದು ಕಷ್ಟವಾಗುತ್ತದೆ.

### ಪ್ರಧಾನ ವಿಷಯದ ಆಯ್ಕೆ

ಅರ್ಜಿದಾರರಲ್ಲಿ ಜೀವಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿದವರ ಸಂಖ್ಯೆಯೇ ಹೆಚ್ಚು. ಅಗತ್ಯ ವಿಷಯಗಳಲ್ಲಿ ಹಲವು ಅದರಲ್ಲಿ ತಾವಾಗಿಯೇ ಅಡಕವಾಗಿರುವುದೇ ಇದಕ್ಕೆ ಕಾರಣ. ಆದರೆ ಇತಿಹಾಸ, ಸಂಗೀತ, ಅರ್ಥಶಾಸ್ತ್ರ, ಎಂಜಿನಿಯರಿಂಗ್ ಮೊದಲಾದ ಯಾವ ವಿಷಯವನ್ನು ಓದಿದವರೂ ಅಗತ್ಯ ವಿಜ್ಞಾನ ವಿಷಯಗಳನ್ನು ಪೂರೈಸಿದ್ದಲ್ಲಿ ಅರ್ಜಿ ಸಲ್ಲಿಸಬಹುದು. ಪ್ರವೇಶ ದೊರೆಯದಿದ್ದಲ್ಲಿ ಅಥವಾ ಮನಸ್ಸು ಬದಲಾದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಆ ಸ್ನಾತಕ ಪದವಿಯೇ. ಆದುದರಿಂದ ಅದನ್ನು ಸ್ವಂತ ಮೌಲ್ಯದ ಮೇಲೆ ಆಯ್ದುಕೊಳ್ಳುವಂತೆ ಸಲಹೆಗಾರರು ಸೂಚಿಸುತ್ತಾರೆ.

ಕೆಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕ ಮತ್ತು ದಂತವೈದ್ಯಕೀಯ ಶಿಕ್ಷಣವನ್ನು ಜೋಡಿಸಿದ ಸಂಯುಕ್ತ ಕೋರ್ಸುಗಳಿವೆ. ಇವುಗಳಲ್ಲಿ ಮೂರು ವರ್ಷಗಳ ಸ್ನಾತಕ ಅಧ್ಯಯನದ ನಂತರ ನಾಲ್ಕು ವರ್ಷಗಳ ದಂತವೈದ್ಯಕೀಯ ಶಿಕ್ಷಣವಿರುವ ಏಳು ವರ್ಷಗಳ ಮಾದರಿಯು ಸಾಮಾನ್ಯ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ವಿಶ್ವವಿದ್ಯಾಲಯದ ದಂತವೈದ್ಯಕೀಯ ಶಿಕ್ಷಣವು ಮೂರು ವರ್ಷಗಳದ್ದಾಗಿದ್ದು, ಅಲ್ಲಿನ ಸಂಯುಕ್ತ ಕೋರ್ಸಿನ ಅವಧಿ ಇನ್ನೂ ಕಡಿಮೆ.

### ಅಂಕಗಳ ಸರಾಸರಿ

ಪ್ರವೇಶ ಪಡೆಯುವವರ ಅಂಕಗಳ ಸರಾಸರಿಯು (ಜಿಪಿಎ) 4.0ರ ಮಾಪಕದಲ್ಲಿ 3.5ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರುತ್ತದೆ. ಒಟ್ಟು ಸರಾಸರಿಯ ಜೊತೆಗೆ ವಿಜ್ಞಾನ ವಿಷಯಗಳ ಸರಾಸರಿಯನ್ನೂ ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ಒಂದು ವಿಷಯವನ್ನು ಮರಳಿ ಓದಿ ಉತ್ತಮ ಅಂಕ ಪಡೆದಾಗ ಕೆಲವು ವಿಶ್ವವಿದ್ಯಾಲಯಗಳು ಹಳೆಯ ಅಂಕವನ್ನು ಲೆಕ್ಕದಿಂದ ಕೈಬಿಡುತ್ತವೆ. ಆದರೆ ಕೇಂದ್ರೀಕೃತ ಅರ್ಜಿ ಸೇವೆಯು ಎರಡೂ ಪ್ರಯತ್ನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೀಗಾಗಿ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿರುವ ಸರಾಸರಿಗೂ ದಂತವೈದ್ಯಕೀಯ ಕಾಲೇಜು ನೋಡುವ ಸರಾಸರಿಗೂ ಅಂತರವಿರಬಹುದು.

## ಪ್ರವೇಶ ಪರೀಕ್ಷೆ

ಡಿಎಟಿ ಎಂಬುದು ಎಡಿಎ ಸಂಸ್ಥೆಯು ನಡೆಸುವ ಗಣಕೀಕೃತ ಪರೀಕ್ಷೆ. ಅಭ್ಯರ್ಥಿಯು ತನಗೆ ಅನುಕೂಲವಾದ ದಿನವನ್ನು ಕಾಯ್ದಿರಿಸಿ ಪರೀಕ್ಷಾ ಕೇಂದ್ರದಲ್ಲಿ ಬರೆಯಬಹುದು. ಎಲ್ಲ ಪ್ರಶ್ನೆಗಳೂ ಬಹು ಆಯ್ಕೆಯವು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ:

* ನಿಸರ್ಗ ವಿಜ್ಞಾನಗಳು – 90 ನಿಮಿಷ, 100 ಪ್ರಶ್ನೆಗಳು (ಜೀವಶಾಸ್ತ್ರ 40, ಸಾಮಾನ್ಯ ರಸಾಯನಶಾಸ್ತ್ರ 30, ಸಾವಯವ ರಸಾಯನಶಾಸ್ತ್ರ 30)
* ಗ್ರಹಿಕಾ ಸಾಮರ್ಥ್ಯ – 60 ನಿಮಿಷ, 90 ಪ್ರಶ್ನೆಗಳು
* ವಾಚನ ಗ್ರಹಿಕೆ – 60 ನಿಮಿಷ, 50 ಪ್ರಶ್ನೆಗಳು
* ಪರಿಮಾಣಾತ್ಮಕ ತರ್ಕ – 45 ನಿಮಿಷ, 40 ಪ್ರಶ್ನೆಗಳು

ಭೌತಶಾಸ್ತ್ರವು ಈ ಪರೀಕ್ಷೆಯಲ್ಲಿ ಇಲ್ಲ. ಇದು ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸಗಳಲ್ಲೊಂದು. ಇನ್ನೊಂದು ವ್ಯತ್ಯಾಸವೆಂದರೆ ಗ್ರಹಿಕಾ ಸಾಮರ್ಥ್ಯದ ಭಾಗ. ಇದರಲ್ಲಿ ತಲಾ 15 ಪ್ರಶ್ನೆಗಳ ಆರು ಬಗೆಗಳಿವೆ: ಒಂದು ಘನವಸ್ತುವು ಯಾವ ರಂಧ್ರದ ಮೂಲಕ ಹಾದುಹೋಗಬಲ್ಲದು, ವಸ್ತುವಿನ ಎರಡು ನೋಟಗಳಿಂದ ಮೂರನೆಯ ನೋಟ ಯಾವುದು, ಸ್ವಲ್ಪವೇ ಭಿನ್ನವಾದ ಕೋನಗಳಲ್ಲಿ ಚಿಕ್ಕದು ಯಾವುದು, ಮಡಿಸಿ ತೂತುಮಾಡಿದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲಿರುತ್ತವೆ, ಜೋಡಿಸಿಟ್ಟ ಘನಾಕೃತಿಗಳ ಎಷ್ಟು ಮುಖಗಳಿಗೆ ಬಣ್ಣ ತಗಲುತ್ತದೆ, ಚಪ್ಪಟೆ ಹಾಳೆಯನ್ನು ಮಡಿಸಿದರೆ ಯಾವ ಆಕಾರ ಬರುತ್ತದೆ ಎಂಬಂತಹವು. ದಂತವೈದ್ಯರು ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನು ನೋಡುತ್ತಾ ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಉಪಕರಣಗಳನ್ನು ನಡೆಸಬೇಕಾಗುತ್ತದೆ. ಆ ಕೆಲಸಕ್ಕೆ ಬೇಕಾದ ಕಲ್ಪನಾಶಕ್ತಿಯನ್ನು ಅಳೆಯುವುದು ಈ ಭಾಗದ ಉದ್ದೇಶ. ಕಾಲೇಜಿನ ಯಾವ ವಿಷಯವೂ ಇದಕ್ಕೆ ನೇರವಾಗಿ ಸಿದ್ಧಪಡಿಸದ ಕಾರಣ, ಪ್ರತಿದಿನ ಅಲ್ಪ ಹೊತ್ತಿನ ನಿರಂತರ ಅಭ್ಯಾಸವೇ ಇದಕ್ಕೆ ದಾರಿಯೆಂದು ಪರಿಗಣಿಸಲಾಗಿದೆ.

ದೀರ್ಘಕಾಲ 1ರಿಂದ 30ರ ಮಾಪಕದಲ್ಲಿ ಅಂಕಗಳನ್ನು ನೀಡಲಾಗುತ್ತಿತ್ತು. ಆ ಮಾಪಕದಲ್ಲಿ ಪ್ರವೇಶ ಪಡೆದವರ ಸರಾಸರಿಯು 20ರ ಸಮೀಪದಲ್ಲಿತ್ತು. 2025ರ ಮಾರ್ಚ್‌ನಿಂದ 200ರಿಂದ 600ರ ವರೆಗಿನ ಮೂರಂಕಿಯ ಮಾಪಕವು ಬಳಕೆಯಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಮತ್ತು ಜಾಲತಾಣಗಳಲ್ಲಿ ಕಾಣುವ ಎರಡಂಕಿಯ ಅಂಕಗಳನ್ನು ಹೊಸ ಅಂಕಗಳೊಂದಿಗೆ ನೇರವಾಗಿ ಹೋಲಿಸಲಾಗದು.

## ವೀಕ್ಷಣೆ ಮತ್ತು ಸೇವೆ

ವೃತ್ತಿನಿರತ ದಂತವೈದ್ಯರ ಕೆಲಸವನ್ನು ಅವರ ಚಿಕಿತ್ಸಾಲಯದಲ್ಲಿಯೇ ಇದ್ದು ಗಮನಿಸುವುದನ್ನು ಶ್ಯಾಡೋಯಿಂಗ್ ಎಂದು ಕರೆಯಲಾಗುತ್ತದೆ. ಅನೇಕ ಕಾಲೇಜುಗಳು ಸುಮಾರು 100 ಗಂಟೆಗಳ ವೀಕ್ಷಣೆಯನ್ನು ನಿರೀಕ್ಷಿಸುತ್ತವೆ. ಸಾಮಾನ್ಯ ದಂತವೈದ್ಯರ ಬಳಿ ಹೆಚ್ಚಿನ ಸಮಯವನ್ನು ಕಳೆದು, ದಂತವಕ್ರತೆ, ಮಕ್ಕಳ ದಂತಚಿಕಿತ್ಸೆ, ಬಾಯಿಯ ಶಸ್ತ್ರಚಿಕಿತ್ಸೆ ಮುಂತಾದ ವಿಶೇಷ ವಿಭಾಗಗಳನ್ನೂ ನೋಡುವುದು ರೂಢಿ. ಖಾಸಗಿ ಚಿಕಿತ್ಸಾಲಯದ ಜೊತೆಗೆ ಬಡವರಿಗೆ ಸೇವೆ ನೀಡುವ ಸಮುದಾಯ ಆರೋಗ್ಯ ಕೇಂದ್ರವನ್ನೂ ಕಂಡ ವಿದ್ಯಾರ್ಥಿಗೆ, ಹಲ್ಲಿನ ಚಿಕಿತ್ಸೆಯು ಯಾರಿಗೆ ದೊರೆಯುತ್ತಿದೆ, ಯಾರಿಗೆ ದೊರೆಯುತ್ತಿಲ್ಲ ಎಂಬುದರ ಅರಿವಾಗುತ್ತದೆ.

ವೀಕ್ಷಣೆಯು ಅರ್ಜಿಯಲ್ಲಿ ನಮೂದಿಸುವ ಗಂಟೆಗಳ ಲೆಕ್ಕವಷ್ಟೇ ಅಲ್ಲ. ಇಡೀ ದಿನ ಬಾಗಿ ಕುಳಿತು ಮಾಡುವ ಸೂಕ್ಷ್ಮ ಕೆಲಸ, ಭಯಗೊಂಡ ರೋಗಿಗಳೊಂದಿಗಿನ ಮಾತು, ಸಿಬ್ಬಂದಿ ಮತ್ತು ವಿಮೆಯ ನಿರ್ವಹಣೆ ಇವುಗಳ ಪರಿಚಯವಾಗುವುದು ಇಲ್ಲಿಯೇ. ಈ ಕೆಲಸವು ತನಗೆ ಸರಿಹೊಂದದೆಂದು ಎರಡನೆಯ ವರ್ಷದಲ್ಲಿ ಅರಿತ ವಿದ್ಯಾರ್ಥಿಯು ಕಳೆದುಕೊಳ್ಳುವುದು ಅಲ್ಪ. ದಂತವೈದ್ಯಕೀಯ ಕಾಲೇಜಿನ ಎರಡನೆಯ ವರ್ಷದಲ್ಲಿ ಅದನ್ನು ಅರಿತವನ ಮೇಲೆ ಅಷ್ಟರಲ್ಲಿ ದೊಡ್ಡ ಸಾಲದ ಹೊರೆ ಇರುತ್ತದೆ.

ಸ್ವಯಂಸೇವೆ, ಪ್ರಯೋಗಾಲಯ ಸಂಶೋಧನೆ, ದಂತ ಸಹಾಯಕರಾಗಿ ದುಡಿಮೆ ಮತ್ತು ಬೆರಳುಗಳ ಕುಶಲತೆಯನ್ನು ಬೆಳೆಸುವ ಚಿತ್ರಕಲೆ, ಶಿಲ್ಪ, ಹೊಲಿಗೆ, ವಾದ್ಯಸಂಗೀತ ಮುಂತಾದ ಹವ್ಯಾಸಗಳಿಗೂ ಅರ್ಜಿಯಲ್ಲಿ ಸ್ಥಾನವಿದೆ. 1971ರಲ್ಲಿ ಸ್ಥಾಪನೆಗೊಂಡ ಅಮೆರಿಕನ್ ವಿದ್ಯಾರ್ಥಿ ದಂತವೈದ್ಯಕೀಯ ಸಂಘವು ಸ್ನಾತಕ ವಿದ್ಯಾರ್ಥಿಗಳಿಗೂ ಸದಸ್ಯತ್ವ ನೀಡುತ್ತದೆ.

## ಅರ್ಜಿ ಪ್ರಕ್ರಿಯೆ

ಬಹುತೇಕ ಕಾಲೇಜುಗಳಿಗೆ ಅಮೆರಿಕನ್ ದಂತವೈದ್ಯಕೀಯ ಶಿಕ್ಷಣ ಸಂಘದ (ಎಡಿಇಎ) ಕೇಂದ್ರೀಕೃತ ಸೇವೆಯಾದ ಆಡ್ಸಾಸ್ ಮೂಲಕ ಒಂದೇ ಅರ್ಜಿ ಸಲ್ಲಿಸಬಹುದು. ಟೆಕ್ಸಾಸ್ ರಾಜ್ಯದ ನಿವಾಸಿಗಳು ಅಲ್ಲಿನ ಸಾರ್ವಜನಿಕ ಕಾಲೇಜುಗಳಿಗೆ ಅರ್ಜಿ ಹಾಕಲು ಪ್ರತ್ಯೇಕ ಸೇವೆಯಿದೆ. ಅರ್ಜಿಯಲ್ಲಿ ಅಂಕಪಟ್ಟಿಗಳು, ಡಿಎಟಿ ಅಂಕಗಳು, ಗರಿಷ್ಠ ನಾಲ್ಕು ಶಿಫಾರಸು ಪತ್ರಗಳು, ಅನುಭವಗಳ ವಿವರ ಮತ್ತು ಖಾಲಿ ಜಾಗವೂ ಸೇರಿ 4,500 ಅಕ್ಷರಗಳನ್ನು ಮೀರದ ಸ್ವವಿವರ ಪ್ರಬಂಧ ಇರುತ್ತವೆ. ಸಾಮಾನ್ಯವಾಗಿ ಎರಡು ಪತ್ರಗಳು ವಿಜ್ಞಾನ ಪ್ರಾಧ್ಯಾಪಕರಿಂದಲೂ ಒಂದು ದಂತವೈದ್ಯರಿಂದಲೂ ಬರಬೇಕೆಂಬ ನಿರೀಕ್ಷೆಯಿದೆ.

ಬಿಡುವಿಲ್ಲದೆ ಮುಂದುವರಿಯುವ ವಿದ್ಯಾರ್ಥಿಯ ಕಾಲಕ್ರಮವು ಸ್ಥೂಲವಾಗಿ ಹೀಗಿರುತ್ತದೆ:

* ಮೊದಲ ವರ್ಷ – ಸಾಮಾನ್ಯ ರಸಾಯನಶಾಸ್ತ್ರ, ಜೀವಶಾಸ್ತ್ರ, ಸಲಹೆಗಾರರ ಭೇಟಿ, ವೀಕ್ಷಣೆಯ ಆರಂಭ
* ಎರಡನೆಯ ವರ್ಷ – ಸಾವಯವ ರಸಾಯನಶಾಸ್ತ್ರ, ಸ್ವಯಂಸೇವೆ, ಕಾಲೇಜುಗಳ ನಿಯಮಗಳ ಪರಿಶೀಲನೆ
* ಮೂರನೆಯ ವರ್ಷ – ಭೌತಶಾಸ್ತ್ರ, ಜೀವರಸಾಯನಶಾಸ್ತ್ರ, ಡಿಎಟಿ, ಶಿಫಾರಸು ಪತ್ರಗಳ ಕೋರಿಕೆ
* ಮೂರನೆಯ ವರ್ಷದ ನಂತರದ ಬೇಸಿಗೆ – ಅರ್ಜಿ ಸಲ್ಲಿಕೆ
* ನಾಲ್ಕನೆಯ ವರ್ಷ – ಸಂದರ್ಶನಗಳು; ಡಿಸೆಂಬರ್‌ನಿಂದ ಪ್ರವೇಶ ಪ್ರಸ್ತಾಪಗಳು; ಪದವಿ ಪೂರ್ಣ

ಅನೇಕ ಕಾಲೇಜುಗಳು ಅರ್ಜಿಗಳು ಬಂದಂತೆಲ್ಲ ಪರಿಶೀಲಿಸಿ ಸಂದರ್ಶನಕ್ಕೆ ಕರೆಯುವುದರಿಂದ, ಕೊನೆಯ ದಿನಾಂಕದವರೆಗೆ ಕಾಯುವವರಿಗೆ ಉಳಿಯುವ ಸ್ಥಾನಗಳು ಕಡಿಮೆ. ರಾಜ್ಯ ಸರ್ಕಾರದ ಕಾಲೇಜುಗಳು ತಮ್ಮ ರಾಜ್ಯದ ನಿವಾಸಿಗಳಿಗೆ ಆದ್ಯತೆಯನ್ನೂ ಬಹಳಷ್ಟು ಕಡೆ ಕಡಿಮೆ ಶುಲ್ಕವನ್ನೂ ನೀಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅರ್ಜಿದಾರರಲ್ಲಿ ಸ್ಥೂಲವಾಗಿ ಅರ್ಧದಷ್ಟು ಮಂದಿಗೆ ಪ್ರವೇಶ ದೊರೆಯುತ್ತಿದೆ. ಆರ್ಥಿಕವಾಗಿ ಹಿಂದುಳಿದವರಿಗೆ ಪರೀಕ್ಷಾ ಶುಲ್ಕ ಮತ್ತು ಅರ್ಜಿ ಶುಲ್ಕಗಳಲ್ಲಿ ರಿಯಾಯಿತಿ ಯೋಜನೆಗಳಿವೆ. ಇವುಗಳಿಗೆ ಪರೀಕ್ಷೆಗೆ ಅಥವಾ ಅರ್ಜಿಗೆ ಮುನ್ನವೇ ಕೋರಿಕೆ ಸಲ್ಲಿಸುವುದು ಅಗತ್ಯ.

## ವೆಚ್ಚ ಮತ್ತು ಸಾಲ

ದಂತವೈದ್ಯಕೀಯ ವಿದ್ಯಾರ್ಥಿಗಳು ಬಳಸುವ ಉಪಕರಣಗಳು ಮತ್ತು ಕಾಲೇಜುಗಳೇ ನಡೆಸುವ ಚಿಕಿತ್ಸಾಲಯಗಳ ವೆಚ್ಚದಿಂದಾಗಿ ಈ ಶಿಕ್ಷಣವು ಅಮೆರಿಕದ ಅತ್ಯಂತ ದುಬಾರಿ ವೃತ್ತಿಶಿಕ್ಷಣಗಳಲ್ಲಿ ಒಂದಾಗಿದೆ. ಸಾಲ ಪಡೆದು ಓದಿ ಹೊರಬರುವವರ ಸರಾಸರಿ ಸಾಲವು ಸುಮಾರು 3 ಲಕ್ಷ ಡಾಲರುಗಳಷ್ಟಿದೆ. 2025ರ ಜುಲೈನಲ್ಲಿ ಅಂಗೀಕೃತವಾದ ಕಾಯಿದೆಯ ಪ್ರಕಾರ, 2026ರ ಜುಲೈ 1ರಿಂದ ವೃತ್ತಿಶಿಕ್ಷಣದ ಹೊಸ ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರದ ಸಾಲಕ್ಕೆ ವರ್ಷಕ್ಕೆ 50,000 ಡಾಲರ್ ಮತ್ತು ಒಟ್ಟು 2,00,000 ಡಾಲರ್ ಮಿತಿಯನ್ನು ವಿಧಿಸಲಾಗಿದೆ; ಪೂರ್ಣ ವೆಚ್ಚವನ್ನು ಭರಿಸುತ್ತಿದ್ದ ಗ್ರಾಡ್ ಪ್ಲಸ್ ಸಾಲವು ಹೊಸಬರಿಗೆ ನಿಂತಿದೆ. ಹೀಗಾಗಿ ಕಾಲೇಜಿನ ಶುಲ್ಕವನ್ನು ಹೋಲಿಸುವುದು ಅರ್ಜಿಯ ಹಂತದಲ್ಲಿಯೇ ಅನಿವಾರ್ಯವಾಗಿದೆ.

ಸಾಲದ ಹೊರೆಯನ್ನು ತಗ್ಗಿಸುವ ಕೆಲವು ಮಾರ್ಗಗಳಿವೆ. ಸೇನೆಯ ಆರೋಗ್ಯ ವೃತ್ತಿಗಳ ವಿದ್ಯಾರ್ಥಿವೇತನವು ಶುಲ್ಕವನ್ನು ಭರಿಸಿ, ಪ್ರತಿಯಾಗಿ ಭೂಸೇನೆ, ನೌಕಾಸೇನೆ ಅಥವಾ ವಾಯುಸೇನೆಯಲ್ಲಿ ನಿಗದಿತ ವರ್ಷಗಳ ಸೇವೆಯನ್ನು ಬಯಸುತ್ತದೆ. ರಾಷ್ಟ್ರೀಯ ಆರೋಗ್ಯ ಸೇವಾ ದಳವು ದಂತವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ದುಡಿಯಲು ಒಪ್ಪುವವರಿಗೆ ವಿದ್ಯಾರ್ಥಿವೇತನ ಮತ್ತು ಸಾಲ ಮರುಪಾವತಿಯ ನೆರವನ್ನು ನೀಡುತ್ತದೆ.

## ಪ್ರವೇಶ ದೊರೆಯದಿದ್ದಾಗ

ಮೊದಲ ಪ್ರಯತ್ನದಲ್ಲಿ ಪ್ರವೇಶ ದೊರೆಯದವರು ಮುಂದಿನ ವರ್ಷ ಮತ್ತೆ ಅರ್ಜಿ ಸಲ್ಲಿಸಬಹುದು. ಅಂತಹ ಅರ್ಜಿಯಲ್ಲಿ ಕಾಲೇಜುಗಳು ನೋಡುವುದು ಹಿಂದಿನ ವರ್ಷದಿಂದ ಆಗಿರುವ ಬದಲಾವಣೆಯನ್ನು. ವಿಜ್ಞಾನ ಅಂಕಗಳು ಕಡಿಮೆಯಿದ್ದವರು ಸ್ನಾತಕೋತ್ತರ ಪೂರಕ ಕೋರ್ಸನ್ನೋ ಜೈವಿಕ ವಿಜ್ಞಾನಗಳಲ್ಲಿ ಸ್ನಾತಕೋತ್ತರ ಪದವಿಯನ್ನೋ ಓದುತ್ತಾರೆ. ವೃತ್ತಿಯ ಪರಿಚಯ ಸಾಲದವರು ದಂತ ಸಹಾಯಕರಾಗಿ ಕೆಲಸಕ್ಕೆ ಸೇರುತ್ತಾರೆ. ಪದವಿ ಮತ್ತು ಪ್ರವೇಶದ ನಡುವೆ ಒಂದೆರಡು ವರ್ಷಗಳ ಬಿಡುವು ಈಗ ಅಸಹಜವೆಂದು ಪರಿಗಣಿತವಾಗಿಲ್ಲ. ದಂತ ನೈರ್ಮಲ್ಯ ತಜ್ಞ, ಸಾರ್ವಜನಿಕ ಆರೋಗ್ಯ, ಔಷಧವಿಜ್ಞಾನ ಮತ್ತು ಶಿಕ್ಷಕ ವೃತ್ತಿಗಳಿಗೂ ಇದೇ ಅಧ್ಯಯನವು ನೆಲೆಯಾಗಬಲ್ಲದು.

## ಭಾರತದ ವ್ಯವಸ್ಥೆಯೊಂದಿಗೆ ಹೋಲಿಕೆ

ಭಾರತದಲ್ಲಿ ಪೂರ್ವ-ದಂತವೈದ್ಯಕೀಯ ಎಂಬ ಹಂತವಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳೊಂದಿಗೆ ಪಿಯುಸಿ ಮುಗಿಸಿದವರು ನೀಟ್ ಪರೀಕ್ಷೆಯ ಮೂಲಕ ನೇರವಾಗಿ ಬಿಡಿಎಸ್ ಪದವಿಗೆ ಸೇರುತ್ತಾರೆ. ಕರ್ನಾಟಕದಲ್ಲಿ ಸೀಟು ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಬಿಡಿಎಸ್ ಅವಧಿ ಐದು ವರ್ಷ. ಇಲ್ಲಿ ನಿರ್ಧಾರವು ಹದಿನೇಳು, ಹದಿನೆಂಟನೆಯ ವಯಸ್ಸಿಗೆ ಆಗುತ್ತದೆ. ಅಮೆರಿಕದಲ್ಲಿ ಅದು ಇಪ್ಪತ್ತರ ನಂತರ, ಹೆಚ್ಚಿನ ವೆಚ್ಚದೊಂದಿಗೆ ಆಗುತ್ತದೆ.

ಎರಡು ವ್ಯವಸ್ಥೆಗಳ ನಡುವಿನ ನಂಟು ಹಳೆಯದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯಕೀಯ ಪದವಿ ಪಡೆದ ಡಾ. ರಫಿಯುದ್ದೀನ್ ಅಹ್ಮದ್ ಅವರು ಸ್ವದೇಶಕ್ಕೆ ಮರಳಿ 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು.

ಭಾರತದಲ್ಲಿ ಬಿಡಿಎಸ್ ಮುಗಿಸಿದವರು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನೇರವಾಗಿ ವೃತ್ತಿ ನಡೆಸಲಾರರು. ಅವರು ಮೊದಲಿನಿಂದ ಪೂರ್ವ-ದಂತವೈದ್ಯಕೀಯ ಓದಬೇಕಾಗಿಲ್ಲ. ಐಎನ್‌ಬಿಡಿಇ ಎಂಬ ರಾಷ್ಟ್ರೀಯ ಪರೀಕ್ಷೆ, ಇಂಗ್ಲಿಷ್ ಭಾಷಾ ಪರೀಕ್ಷೆ ಮತ್ತು ಸಂದರ್ಶನಗಳ ಮೂಲಕ ಎರಡರಿಂದ ಮೂರು ವರ್ಷಗಳ ವಿಶೇಷ ಕೋರ್ಸಿಗೆ ಸೇರಿ ಡಿಡಿಎಸ್ ಅಥವಾ ಡಿಎಂಡಿ ಪಡೆಯುತ್ತಾರೆ. ಅಮೆರಿಕದಲ್ಲಿ ಬೆಳೆದು, ಅವಧಿ ಉಳಿಸಲು ಭಾರತಕ್ಕೆ ಬಂದು ಬಿಡಿಎಸ್ ಓದಲು ಯೋಚಿಸುವವರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಎಚ್-1ಬಿ ವೀಸಾ ಹೊಂದಿದ ಪೋಷಕರೊಂದಿಗೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳ ಮಕ್ಕಳಿಗೆ ಇನ್ನೊಂದು ತೊಡಕಿದೆ. ಎಚ್-4 ಅವಲಂಬಿತ ವೀಸಾ 21ನೆಯ ವಯಸ್ಸಿಗೆ ಕೊನೆಗೊಳ್ಳುತ್ತದೆ. ಇದು ಸರಿಸುಮಾರು ಅರ್ಜಿ ಸಲ್ಲಿಸುವ ವರ್ಷ. ಅನಂತರ ವಿದ್ಯಾರ್ಥಿ ವೀಸಾಕ್ಕೆ ಬದಲಾದವರನ್ನು ಅನೇಕ ಕಾಲೇಜುಗಳು ವಿದೇಶಿ ಅರ್ಜಿದಾರರೆಂದು ಪರಿಗಣಿಸುತ್ತವೆ. ಒಕ್ಕೂಟ ಸರ್ಕಾರದ ಸಾಲ ಅವರಿಗೆ ದೊರೆಯುವುದಿಲ್ಲ. ಕೆಲವು ಸಾರ್ವಜನಿಕ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದೂ ಇಲ್ಲ. ಆದುದರಿಂದ ಇಂತಹ ವಿದ್ಯಾರ್ಥಿಗಳು ಕಾಲೇಜುಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ವಿಷಯಗಳ ಅಗತ್ಯದೊಂದಿಗೆ ವೀಸಾ ನಿಯಮವನ್ನೂ ಆರಂಭದಲ್ಲಿಯೇ ಪರಿಶೀಲಿಸಬೇಕಾಗುತ್ತದೆ.

## ಇವನ್ನೂ ನೋಡಿ

* ದಂತವೈದ್ಯಕೀಯ
* ದಂತವೈದ್ಯಕೀಯ ಪದವಿ (ಬಿಡಿಎಸ್)
* ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆ
* ರಫಿಯುದ್ದೀನ್ ಅಹ್ಮದ್